ಹಿಂಬಾಗಿಲ ಹಮಾಲ

ಶಿಷ್ಯ ಕೇಳಿದ: “ಗುರುಗಳೇ, ನಾನು ಬರೆಯುವ ತಂತ್ರಾಂಶದ ಕೆಲಸ ಜಾಲದ ಮಾಹಿತಿ ಪ್ಯಾಕೆಟ್ಟುಗಳನ್ನು ಒಳಗೆ ತೆಗೆದುಕೊಂಡು ಹೊರಗೆ ಕಳಿಸುವುದು. ಅದು ಶುರುವಾಗುವಾಗಲೇ ಒಂದು ತೀರ್ಮಾನ ಆಗಬೇಕು. ಅವನ್ನು ಮೆಮೊರಿಗೆ ತಂದಿಡುವ ಜಾಲದ ಕಾರ್ಡುಗಳಿಗೆ ಅದರ ನಿಜವಾದ ವಿಳಾಸ ಕೊಡಲೋ, ನಾವು ಅನುಕೂಲಕ್ಕೆ ಇಟ್ಟುಕೊಂಡ ವಿಳಾಸ ಕೊಡಲೋ?”

ಗುರು ಹೇಳಿದರು:

“ರೀ, ಬಾಗಿಲು ತೆಗೆಯೋ ಮುಂಚೆ ಹಮಾಲರನ್ನ ಒಂದು ಮಾತು ಕೇಳ್ರಿ.” ಒಬ್ಬ ವ್ಯಾಪಾರಿಯ ಹೆಂಡತಿ ಕೊನೆಗೆ ಹೇಳಿದ್ದು ಇಷ್ಟೆ. ಅಂದೇ ಅವಳು ತೀರಿಕೊಂಡಳು.

ವ್ಯಾಪಾರಿಗೆ ಒಂದು ಗೋದಾಮು ಇತ್ತು. ಮೂಟೆ ಬರುತ್ತಿತ್ತು, ಹೋಗುತ್ತಿತ್ತು. ಹೆಂಡತಿ ಹೋದ ಮೇಲೆ ಯಾವ ಮೂಟೆ ಎಲ್ಲಿಡಬೇಕೆಂದು ಹಮಾಲರಿಗೆ ಚೀಟಿ ಬರೆಯುವ ಕೆಲಸವೂ ಅವನದೇ ಆಯಿತು. ಖಾಲಿ ಜಾಗ ಅಲ್ಲೊಂದು ಇಲ್ಲೊಂದು ಇತ್ತು. ಅವಕ್ಕೆ ತಾನೇ ಒಂದು, ಎರಡು, ಮೂರು ಎಂದು ಸಾಲಾಗಿ ಹೆಸರಿಟ್ಟ. ಯಾವುದು ಎಲ್ಲಿದೆ ಎಂದು ತೋರಿಸಲು ಮುಂಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿದ. ಚೆನ್ನಾಗಿಯೇ ಇತ್ತು. ಯಾರನ್ನೂ ಕೇಳಲಿಲ್ಲ. ಬಾಗಿಲು ತೆಗೆದ.

ಗೋದಾಮಿನ ಹಿಂದೆ ಹೊಳೆ. ದೋಣಿಯ ಮೂಟೆಗಳನ್ನು ಒಬ್ಬ ಮುದುಕ ಹಮಾಲ ಹಿಂಬಾಗಿಲಿಂದ ತರುತ್ತಿದ್ದ. ಚೀಟಿಯಲ್ಲಿ ಐದು ಎಂದಿತ್ತು. ಗೋಡೆಯಿಂದ ಐದು ಕಂಬ ಎಣಿಸಿ ಮೆಣಸಿನಕಾಯಿ ಮೂಟೆ ಕೆಡವಿದ. ಅಲ್ಲಿ ವ್ಯಾಪಾರಿಯ ಬುತ್ತಿ ಬಿಚ್ಚಿಟ್ಟಿತ್ತು. ಗೋದಾಮೆಲ್ಲ ಸೀನಿತು. ಕಾವಲುಗಾರ ಸೀನುತ್ತಲೇ ನಕ್ಕ.

ವ್ಯಾಪಾರಿ ಕೂಗಿದ: “ನಾಳೆಯಿಂದ ಬರಬೇಡ! ಬಾಗಿಲಲ್ಲಿ ಕೇಳೋಕೆ ಬಾಯಿ ಇರಲಿಲ್ವಾ?”

“ಹಿಂಬಾಗಿಲಲ್ಲಿ ಯಾರಿದಾರೆ ಧಣಿ? ನನಗೆ ಗೊತ್ತಿರೋದು ಕಂಬ. ಅಮ್ಮಾರು ದಿನಾ ಕೇಳಿ ಬರೀತಿದ್ರು.”

ಉಳಿದ ಹಮಾಲರು ಕಣ್ಣೊರೆಸಿಕೊಂಡು ಹೇಳಿದರು: “ನಮಗೆ ಎರಡೂ ಆಗುತ್ತೆ ಧಣಿ. ನೀವಿಟ್ಟ ಹೆಸರಾದರೂ ಸರಿ, ಕಂಬವಾದರೂ ಸರಿ.”

“ಹಾಗಾದ್ರೆ ಈಗಲೇ ಕಂಬದ ಲೆಕ್ಕಕ್ಕೆ ಬದಲಿಸೋಣ,” ಎಂದ ವ್ಯಾಪಾರಿ.

“ಬೇಡಿ ಧಣಿ,” ಎಂದ ಮುದುಕ. “ಚೀಟಿ ಆಗಲೇ ಎಲ್ಲರ ಕೈಲಿದೆ. ನಡುವೆ ಬದಲಿಸಿದ್ರೆ ಇನ್ನೊಬ್ಬರ ಬುತ್ತಿ ಹೋಗುತ್ತೆ.”

ವ್ಯಾಪಾರಿಗೂ ನಗು ಬಂತು. ಹೆಂಡತಿ ಹೋದ ಮೇಲೆ ಅದೇ ಮೊದಲು.

ಶಿಷ್ಯ ತಡೆದ: “ಒಬ್ಬನಿಗಾಗಿ ಎಲ್ಲರೂ ಕಂಬ ಎಣಿಸುವುದೇ? ಆ ಮುದುಕನನ್ನು ಕೆಲಸದಿಂದ ಬಿಡಿಸಿದ್ದರೆ ಸುಲಭವಾಗುತ್ತಿತ್ತಲ್ಲ?”

ಗುರು ಹೇಳಿದರು: “ಮರುದಿನ ಬೆಳಿಗ್ಗೆ ವ್ಯಾಪಾರಿ ಮುಂಬಾಗಿಲ ಅಗುಳಿ ತೆಗೆಯುವ ಮೊದಲು ಹಿಂಬಾಗಿಲಿಗೆ ಹೋಗಿ ಮುದುಕನನ್ನು ಕೇಳಿದ, ಆಮೇಲೆ ಎಲ್ಲರ ಚೀಟಿಯನ್ನೂ ಕಂಬದ ಲೆಕ್ಕದಲ್ಲೇ ಬರೆದ.”

ಶಿಷ್ಯ ತನ್ನ ತಂತ್ರಾಂಶದ ಮೊದಲಲ್ಲೇ, ಯಾವ ವಿಳಾಸ ಆಗುತ್ತದೆ ಎಂದು ಪ್ರತಿ ಕಾರ್ಡನ್ನೂ ಕೇಳುವ ಸಾಲು ಬರೆದ.