ದಡದ ಬಂಡೆಗೆ ಒಂದು ಪೆಟ್ಟು

ಗುರುಗಳ ಆಶ್ರಮ ಹೊಳೆಯ ಈಚೆ ದಡದಲ್ಲಿತ್ತು. ಶಿಷ್ಯ ಓಬಯ್ಯನ ಮನೆ ಆಚೆ ದಡದಲ್ಲಿ. ಶಿಷ್ಯ ಅಂದರೆ ಕಾವಿ ಉಟ್ಟವನಲ್ಲ ಮತ್ತೆ. ಹೆಂಡತಿ, ಮಗಳು, ಮನೆ ಮುಂದೊಂದು ತರಕಾರಿ ತೋಟ ಇದ್ದ ಕಲ್ಲುಕುಟಿಗ.

ಕಲ್ಲು ಕೆಲಸಕ್ಕೆ ದೂರ ಹೋದವರು ವಾಪಸು ಬಂದಾಗ ಈಚೆ ದಡದ ಬಂಡೆಗೆ ಸುತ್ತಿಗೆಯಿಂದ ಬಡಿಯಬೇಕು. ಅದು ಅವರ ಪದ್ಧತಿ. ಒಬ್ಬೊಬ್ಬರ ಪೆಟ್ಟು ಒಂದೊಂದು ಥರ. ಗಂಡನ ಪೆಟ್ಟು ಗುರುತು ಹಿಡಿದ ಹೆಂಡತಿ ಆ ಕಡೆಯಿಂದ ಕಂಚಿನ ತಟ್ಟೆ ಬಾರಿಸುತ್ತಾಳೆ. ಆಮೇಲೇ ಇವನು ಹೊಳೆ ದಾಟುವುದು.

ಆ ದಿನ ಮಧ್ಯಾಹ್ನ ಓಬಯ್ಯ ಬಂದ. ಬಂಡೆಯ ಹತ್ತಿರ ನಿಂತ. ಸುತ್ತಿಗೆ ಚೀಲದಿಂದ ಹೊರಗೆ ಬರಲೇ ಇಲ್ಲ. ಸೀದಾ ಆಶ್ರಮಕ್ಕೆ ಬಂದು ಗುರುಗಳ ಕಾಲಿಗೆ ಬಿದ್ದ.

“ಬಂದೆಯಾ! ಸದ್ಯ,” ಅಂದರು ಗುರುಗಳು. “ಏಳು, ಮೊದಲು ಮನೆಗೆ ಹೋಗು. ಅಲ್ಲಿ ನಿನ್ನ...”

“ಬೇಡ!” ಓಬಯ್ಯ ಎರಡೂ ಕಿವಿ ಮುಚ್ಚಿಕೊಂಡ. “ನಿಮ್ಮ ದಮ್ಮಯ್ಯ, ಮನೆ ಸುದ್ದಿ ಮಾತ್ರ ಹೇಳಬೇಡಿ.”

ಗುರುಗಳು ಅವನ ತೋಳು ಹಿಡಿದು ಎಬ್ಬಿಸಿದರು.

ಅವನು ಪೊರಕೆ ತಗೊಂಡು ಅಂಗಳ ಗುಡಿಸಿದ. ಗುಡಿಸಿದ್ದನ್ನೇ ಮತ್ತೆ ಗುಡಿಸಿದ. ಕೊಡಗಳಿಗೆಲ್ಲ ನೀರು ತುಂಬಿದ. ಸೌದೆ ಒಡೆಯೋಕೆ ಕೂತ. ಯಾರು ಹೇಳಿದ್ದರು ಇವನಿಗೆ? ಕೊಡಲಿ ಎಲ್ಲೆಲ್ಲೋ ಬೀಳುತ್ತಿತ್ತು. ಪಾಪ, ಅಷ್ಟು ದೊಡ್ಡ ಆಳು, ಆಚೆ ದಡದ ಕಡೆ ಒಂದು ಸಲವೂ ಮುಖ ತಿರುಗಿಸಲಿಲ್ಲ.

ಹೊತ್ತು ಇಳಿಯಿತು. ಗುರುಗಳು ಮಜ್ಜಿಗೆ ತಂದು ಕೊಟ್ಟರು.

“ಏನಾಯಿತೋ?”

“ಕೆರೆ ಏರಿ ಕಟ್ಟುತ್ತಿದ್ದೆವು. ಸುಣ್ಣ ತರೋಕೆ ಅಂತ ನಾನು ಆ ಕಡೆ ಹೋಗಿದ್ದೆ. ಬರುವಷ್ಟರಲ್ಲಿ ಏರಿ ಕುಸಿದಿತ್ತು. ಬೆಳಿಗ್ಗೆ ನನ್ನ ಜೊತೆ ಕೂತು ಗಂಜಿ ಕುಡಿದವರು, ಗುರುಗಳೇ! ಎಲ್ಲರೂ ಕಲ್ಲಿನ ಕೆಳಗೆ ಹೋಗಿಬಿಟ್ಟರು. ಅವತ್ತಿನಿಂದ ಹೆದರಿಕೆ. ಬಿಟ್ಟು ಹೋದದ್ದು ಹಾಗೇ ಇರುತ್ತೆ ಅನ್ನೋ ನಂಬಿಕೆಯೇ ಹೊರಟುಹೋಯಿತು.”

“ಅದಕ್ಕೇ ಬಂಡೆಗೆ ಬಡಿಯಲಿಲ್ಲವೋ?”

“ಬಡಿಯೋಣ ಅಂತಲೇ ನಿಂತೆ. ತೋಟ ಕಣ್ಣಿಗೆ ಬಿತ್ತು. ಸೋರೆ ಚಪ್ಪರ ಒಣಗಿ ಕರಕಲಾಗಿದೆ. ಬದನೆ ಗಿಡ ಎಲ್ಲಾ ಮಲಗಿಬಿಟ್ಟಿವೆ. ನನ್ನ ಹೆಂಡತಿ ಮಾರಕ್ಕ ಜ್ವರ ಬಂದರೂ ತೋಟಕ್ಕೆ ನೀರು ಹಾಕೋದು ತಪ್ಪಿಸೋಳಲ್ಲ. ಒಲೆ ಹೊಗೆಯೂ ಕಾಣಲಿಲ್ಲ.” ಅವನು ಮಜ್ಜಿಗೆ ಲೋಟ ಕೆಳಗಿಟ್ಟ. “ನಾನು ಬಡಿದು, ಆ ಕಡೆಯಿಂದ ತಟ್ಟೆ ಸದ್ದು ಬರದಿದ್ದರೆ? ಬಡಿಯೋವರೆಗೆ ಅವರು ಇದ್ದಾರೆ, ಗುರುಗಳೇ. ಹೆಂಡತಿ ಇದ್ದಾಳೆ, ಮಗಳು ಇದ್ದಾಳೆ. ಬಡಿದ ಮೇಲೆ ಏನು ಕಾದಿದೆಯೋ!”

“ರಾತ್ರಿ ಇಲ್ಲೇ ಮಲಗುತ್ತೀಯಾ?”

“ಅಪ್ಪಣೆ ಕೊಟ್ಟರೆ.”

“ನಾಳೆ?”

ಓಬಯ್ಯ ಮತ್ತೆ ಕೊಡಲಿ ಎತ್ತಿಕೊಂಡ.

ಗುರುಗಳು ಎದ್ದು ಅವನ ಚೀಲಕ್ಕೆ ಕೈ ಹಾಕಿ ಸುತ್ತಿಗೆ ತೆಗೆದರು. ವಯಸ್ಸಾದ ಕೈ, ಭಾರಕ್ಕೆ ಜಗ್ಗಿತು. ಹಾಗೇ ಹೊಳೆಯ ಕಡೆ ನಡೆದರು.

“ಬೇಡ, ಬೇಡ! ನಿಮ್ಮ ಕಾಲಿಗೆ ಬೀಳ್ತೀನಿ!” ಓಬಯ್ಯ ಹಿಂದಿಂದೆ ಓಡಿದ.

ಗುರುಗಳು ಬಂಡೆಯ ಹತ್ತಿರ ನಿಂತರು.

“ಈಗಲಾದರೂ ಸುದ್ದಿ ಹೇಳಲೋ, ಇನ್ನೂ ಕಿವಿ ಮುಚ್ಚಿಕೊಳ್ಳುತ್ತೀಯೋ?”

ಓಬಯ್ಯ ಹಲ್ಲು ಕಚ್ಚಿ, ಹೇಳಿ ಅನ್ನುವಂತೆ ತಲೆ ಆಡಿಸಿದ.

“ಏರಿ ಕುಸಿದ ಸುದ್ದಿ ನಿನಗಿಂತ ಮೊದಲು ಊರಿಗೆ ಬಂತು. ಒಬ್ಬರೂ ಉಳಿಯಲಿಲ್ಲ ಅಂತ. ಅವತ್ತಿನಿಂದ ಮಾರಕ್ಕ ಒಲೆ ಹಚ್ಚಿಲ್ಲ, ತೋಟಕ್ಕೆ ಕಾಲಿಟ್ಟಿಲ್ಲ. ಯಾರಿಗೋಸ್ಕರ ನೀರು ಹಾಕಲಿ ಅನ್ನುತ್ತಾಳೆ. ದಿನಾ ಬೆಳಿಗ್ಗೆ ಮಗಳ ಕೈ ಹಿಡಿದು ಬಂದು ಈ ಬಂಡೆ ಮೇಲೆ ಕೂತು ದಾರಿ ನೋಡಿ ಹೋಗುತ್ತಾಳೆ. ಇವತ್ತೂ ಬಂದಿದ್ದಳು.”

ಓಬಯ್ಯ ಮರಳಿನ ಮೇಲೆ ಕುಸಿದು ಕೂತ.

“ಇದ್ದಾರಾ? ಇಬ್ಬರೂ ಇದ್ದಾರಾ, ಗುರುಗಳೇ?”

ಗುರುಗಳು ಸುತ್ತಿಗೆಯನ್ನು ಅವನ ಕೈಗಿಟ್ಟರು.

“ಅವರು ಇದ್ದಾರೆ. ಆ ಮನೆಯಲ್ಲಿ ಸತ್ತಿರುವವನು ನೀನು. ನೆಂಟರೆಲ್ಲ ಬಂದು ಸೇರಿದ್ದಾರೆ, ನಾಳೆ ಬೆಳಿಗ್ಗೆ ಅವಳ ಬಳೆ ಒಡೆಯುತ್ತಾರೆ. ಬಡಿ.”