ಕೊಕ್ಕರೆಗೆ ಬಿಟ್ಟುಕೊಟ್ಟ ದಡ

ಕೆರೆಯ ಚುನಾವಣೆಗೆ ಆಮೆ, ಕೊಕ್ಕರೆ, ನೀರುಹಾವು ನಿಂತಿದ್ದವು. ಯಾರಿಗೂ ಬಹುಮತ ಬರಲಿಲ್ಲ. ಕೊನೆಗೆ ಆಮೆಯು ಕೊಕ್ಕರೆಯ ಜೊತೆ ಸೇರಿ ಅಧಿಕಾರ ಹಿಡಿಯಿತು.

ತಾಯಿಮೀನೊಂದು ಆಮೆಯ ಬಳಿಗೆ ಬಂತು. "ಕೊಕ್ಕರೆ ಬರಬಾರದೆಂದೇ ನಿಮಗೆ ಮತ ಹಾಕಿದೆ. ಅದು ದಂಡವಾಯಿತೇ, ಸ್ವಾಮಿ?"

"ಇಲ್ಲ ತಾಯಿ. ಕೊಕ್ಕರೆ ಬೇಟೆಗೆ ಇಡೀ ಕೆರೆಯನ್ನೇ ಕೇಳಿತ್ತು. ನಿಮ್ಮಂಥವರ ಮತಗಳನ್ನು ಮುಂದಿಟ್ಟು ಚೌಕಾಸಿ ಮಾಡಿದೆ. ದಡದಂಚಿನ ಮೊಣಕಾಲುದ್ದ ನೀರು ಸಾಕೆಂದು ಒಪ್ಪಿತು. ಆಳದ ನೀರೆಲ್ಲ ಉಳಿಯಿತು."

"ನನ್ನ ಮರಿಗಳಿದ್ದದ್ದು ದಡದಂಚಿನಲ್ಲೇ."

ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು. ಒಳಗಿಂದಲೇ ಕೇಳಿತು: "ಹಾಗಾದರೆ ಮುಂದಿನ ಸಲ ಮತ ಹಾಕುವುದಿಲ್ಲವೇ?"

"ಹಾಕುತ್ತೇನೆ," ಎಂದಿತು ಮೀನು, ಬರಿದಾದ ದಡದ ಕಡೆ ತಿರುಗುತ್ತಾ. "ನನ್ನವಲ್ಲದಿದ್ದರೂ, ಆಳದ ನೀರಿನಲ್ಲಿ ಬದುಕಿಕೊಂಡವೂ ಮರಿಗಳೇ."