ಖಾಲಿ ಬಿಟ್ಟ ಮೂಲೆ

"ಗುರುಗಳೇ, ದೊಡ್ಡವರೊಬ್ಬರ ಜೊತೆ ಮೊದಲ ಸಲ ಮಾತಾಡುವಾಗ ಹೇಗೆ ತಯಾರಾಗಬೇಕು?" ಎಂದು ಶಿಷ್ಯ ಕೇಳಿದ.

ಆ ದೊಡ್ಡವರು ಮುಂಬಯಿಯ ಒಬ್ಬ ಹಿರಿಯ ಇನ್ವೆಸ್ಟ್‌ಮೆಂಟ್ ಬ್ಯಾಂಕರ್. ಕಂಪನಿಗಳಿಗೆ ಬಂಡವಾಳ ಕೂಡಿಸಿಕೊಡುವುದು ಅವರ ಕೆಲಸ. ಶಿಷ್ಯನಿಗೂ ಆ ಕೆಲಸಕ್ಕೇ ಸೇರುವ ಆಸೆ. ಪರಿಚಯದವರ ಪರಿಚಯದವರನ್ನು ಹಿಡಿದು, ಮರುದಿನ ಬೆಳಿಗ್ಗೆ ಫೋನಿನಲ್ಲಿ ಅರ್ಧ ಗಂಟೆ ಮಾತಾಡಲು ಒಪ್ಪಿಗೆ ಪಡೆದಿದ್ದ. ಯಾವ ನಿಮಿಷಕ್ಕೆ ಏನು ಹೇಳಬೇಕೆಂದು ಬರೆದ ಹಾಳೆ ಅವನ ಕೈಯಲ್ಲಿತ್ತು. ಗುರುಗಳು ಅದನ್ನು ತೆಗೆದುಕೊಂಡು, ಓದದೆ, ತೊಡೆಯ ಮೇಲಿಟ್ಟುಕೊಂಡು ಹೇಳತೊಡಗಿದರು.

ಒಂದು ಬಂದರಿನಲ್ಲಿ ಒಬ್ಬ ಮುದಿ ಸೆಟ್ಟಿ ಇದ್ದ. ಹತ್ತಾರು ಜನರ ಬಂಡವಾಳ ಸೇರಿಸಿ ಕಡಲಾಚೆಗೆ ಹಡಗು ಕಳಿಸುವುದು ಅವನ ಕಸುಬು. ಅವನನ್ನು ನೋಡಲು ಬರುವವರಿಗೆ ಲೆಕ್ಕವಿಲ್ಲ. ಅದಕ್ಕೇ ಒಂದು ಕಟ್ಟಳೆ ಮಾಡಿದ್ದ. ಬಂದವನು ಕುಳಿತೊಡನೆ ನೀರಿನ ಹಂಡೆಯಲ್ಲಿ ತಾಮ್ರದ ಗಳಿಗೆ ಬಟ್ಟಲನ್ನು ತೇಲಿಬಿಡುವುದು. ತಳದ ಸಣ್ಣ ತೂತಿನಿಂದ ನೀರು ಏರಿ, ಒಂದು ಗಳಿಗೆಗೆ, ಅಂದರೆ ಇಪ್ಪತ್ತನಾಲ್ಕು ನಿಮಿಷಕ್ಕೆ, ಬಟ್ಟಲು ಮುಳುಗುತ್ತದೆ. ಮುಳುಗಿತೆಂದರೆ ಮಾತು ಮುಗಿಯಿತು, ವೀಳ್ಯ ಕೊಟ್ಟು ಕಳಿಸುವುದು. ಒಬ್ಬನಿಗೆ ಒಂದೇ ಬಟ್ಟಲು. ಅದೂ ಜನ್ಮಕ್ಕೆ.

ಒಬ್ಬ ಮೆಣಸಿನ ವ್ಯಾಪಾರಿಗೆ ಸೆಟ್ಟಿಯ ಕೈಕೆಳಗೆ ಆ ಕಸುಬು ಕಲಿಯುವ ಹಂಬಲ ಹತ್ತಿತು. ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಬಂದ. ಸೆಟ್ಟಿ ಒಲ್ಲೆ ಎಂದರೆ ಹಿಂತಿರುಗಿ ಕೂರಲು ಅವನಿಗೆ ಅಂಗಡಿಯೂ ಇರಲಿಲ್ಲ.

ಮೂರು ತಿಂಗಳು ಬಂದರಿನಲ್ಲೇ ಬಿದ್ದುಕೊಂಡ. ಸೆಟ್ಟಿಯ ಹಡಗುಗಳು ಎಷ್ಟು, ಯಾವುದು ಯಾವ ಊರಿಗೆ ಹೋಗುತ್ತದೆ, ಯಾವ ಗಾಳಿಗೆ ಹೊರಡುತ್ತದೆ ಎಂಬುದನ್ನೆಲ್ಲ ತಿಳಿದುಕೊಂಡ. ಇಷ್ಟು ಮಾಡಿದ್ದು ಒಳ್ಳೆಯದೇ. ಆಮೇಲೆ ಒಂದು ಅತಿಬುದ್ಧಿವಂತಿಕೆ ಮಾಡಿದ. ಅಂಥದೇ ಒಂದು ಬಟ್ಟಲು ಮಾಡಿಸಿ, ಛತ್ರದ ಕೋಣೆಯಲ್ಲಿ ತೇಲಿಬಿಟ್ಟು, ಗೋಡೆಯ ಮುಂದೆ ಕುಳಿತು ಮಾತು ಅಭ್ಯಾಸ ಮಾಡಿದ. ಮೊದಮೊದಲು ಬಟ್ಟಲು ಮುಳುಗಿದರೂ ಮಾತು ಉಳಿಯುತ್ತಿತ್ತು. ದಿನ ಕಳೆದಂತೆ ಎರಡೂ ಒಟ್ಟಿಗೆ ಮುಗಿಯತೊಡಗಿದವು. ಗೋಡೆ ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ ನೋಡು.

ಭೇಟಿಯ ದಿನ ಬಂತು. ಬಟ್ಟಲು ತೇಲಿತು. ವ್ಯಾಪಾರಿ ಒಂದೇ ಉಸಿರಿಗೆ ಶುರುಮಾಡಿದ. ತನ್ನ ಮನೆತನ ಹೇಳಿದ, ಗಾಳಿಗಳನ್ನು ಹೇಳಿದ, ಹಡಗುಗಳ ಹೆಸರು ಹೇಳಿದ. ಎಲ್ಲಕ್ಕಿಂತ ಹಳೆಯ ಹಡಗಿನ ಹೆಸರು ಬಂದಾಗ ಸೆಟ್ಟಿ ಏನೋ ಹೇಳಲು ಬಾಯಿ ತೆರೆದ. ವ್ಯಾಪಾರಿ ಬಟ್ಟಲಿನ ಕಡೆ ನೋಡಿ ಮುಂದಿನ ಹಡಗಿಗೆ ಹೋದ. ಸೆಟ್ಟಿ ಬಾಯಿ ಮುಚ್ಚಿಕೊಂಡ. ಕೊನೆಯ ಮಾತೂ ಬಟ್ಟಲೂ ಒಟ್ಟಿಗೆ ಮುಗಿದವು.

"ಚೆನ್ನಾಗಿ ಕಲಿತಿದ್ದೀಯಪ್ಪ. ಇದೆಲ್ಲ ನನಗೆ ಗೊತ್ತಿತ್ತು" ಎಂದು ಸೆಟ್ಟಿ ವೀಳ್ಯ ಕೊಟ್ಟ.

ವ್ಯಾಪಾರಿ ಪಟ್ಟ ಪಾಡೆಲ್ಲ ನೀರುಪಾಲಾಯಿತು. ಎದ್ದು ಹೊಸಿಲ ತನಕ ಹೋದ. ಒಪ್ಪಿಸಬೇಕಾದ ಪಾಠ ಇನ್ನು ಯಾವುದೂ ಉಳಿದಿರಲಿಲ್ಲ. ಆಗ, ಮೂರು ತಿಂಗಳಿಂದ ತಲೆ ಕೊರೆಯುತ್ತಿದ್ದ ಒಂದು ಸಂಗತಿ ತಾನಾಗಿ ಬಾಯಿಗೆ ಬಂತು. ಕೇಳಿದರೆ ತನಗೆ ಗೊತ್ತಿಲ್ಲವೆಂದು ತಿಳಿದುಬಿಡುತ್ತದೆ ಎಂಬ ನಾಚಿಕೆಗೆ ಅದನ್ನು ಅವನು ಬೇಕೆಂದೇ ಬಿಟ್ಟಿದ್ದ.

"ಅಯ್ಯಾ, ಎಲ್ಲರ ಹಡಗೂ ಭರ್ತಿಯಾಗಿ ಹೊರಡುತ್ತದೆ. ನಿಮ್ಮ ಹಡಗಿನಲ್ಲಿ ಮಾತ್ರ ಹಿಂದಿನ ಒಂದು ಮೂಲೆ ಖಾಲಿ ಬಿಡುತ್ತಾರೆ. ಮೂಟೆ ಹೊರುವವರನ್ನು ಕೇಳಿದೆ, ಸೆಟ್ಟರ ಅಪ್ಪಣೆ ಅಂದರು. ಯಾಕೆ ಅಂತ ಅವರಿಗೂ ಗೊತ್ತಿಲ್ಲ. ಯಾಕೆ ಸೆಟ್ಟರೇ?"



"ನೀನು ಆಗಲೇ ಹೆಸರು ಹೇಳಿದೆಯಲ್ಲ, ಆ ಹಳೆಯ ಹಡಗು, ನನ್ನ ಮೊದಲ ಪ್ರಯಾಣ ಅದರಲ್ಲೇ" ಎಂದ ಸೆಟ್ಟಿ. "ಅದನ್ನು ನಾನೂ ಭರ್ತಿಯಾಗಿ ತುಂಬಿದ್ದೆ. ನಡುಗಡಲಿನಲ್ಲಿ ಒಡೆದ ಬೇರೊಂದು ಹಡಗಿನವರು ಹನ್ನೊಂದು ಜನ ಈಜುತ್ತ ಬಂದರು. ಮೂಟೆ ಎಸೆದು ಜಾಗ ಮಾಡುವಷ್ಟರಲ್ಲಿ ನಾಲ್ವರು ಉಳಿದಿದ್ದರು. ನಲವತ್ತು ವರ್ಷವಾಯಿತು. ಇದನ್ನು ಕೇಳಿದವನು ನೀನೇ ಮೊದಲು."

ಸೆಟ್ಟಿಯ ಕಣ್ಣು ತುಂಬಿತ್ತು. ತಾನೇ ಬಗ್ಗಿ ಹಂಡೆಯೊಳಗೆ ಕೈಹಾಕಿ, ಮುಳುಗಿದ್ದ ಬಟ್ಟಲನ್ನು ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಟ್ಟ. "ಬಾ, ಕೂತುಕೋ" ಎಂದ. ವ್ಯಾಪಾರಿ ಆ ಮನೆಯಲ್ಲೇ ಉಳಿದು ಕಸುಬು ಕಲಿತ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

"ತಿಳಿಯಿತು ಗುರುಗಳೇ. ಅಂಥದೊಂದು ಪ್ರಶ್ನೆಯನ್ನು ನಾನೂ ಸೇರಿಸುತ್ತೇನೆ. ಇಪ್ಪತ್ತೊಂಬತ್ತನೆಯ ನಿಮಿಷಕ್ಕೆ."

ಗುರುಗಳು ಆಗ ಹಾಳೆಯನ್ನು ಬಿಡಿಸಿದರು. ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೆ ನಿಧಾನವಾಗಿ ಓದಿ, ಶಿಷ್ಯನ ಕೈಗೆ ಕೊಟ್ಟರು.

"ಭರ್ತಿಯಾಗಿ ತುಂಬಿದ್ದೀಯಪ್ಪ; ಆ ದೊಡ್ಡವರು ಎಲ್ಲಿ ಹತ್ತಬೇಕು?"